ಮಸ್ಕತ್ತಿಗೆ ಹೋದ ಕರಡಿಗೆ

ನಮ್ಮ ಹಿರಿಯೂರಿನಲ್ಲಿ ವಿಮಾನ ಹತ್ತಿ ಬಂದವರನ್ನು ಗುರುತಿಸುವುದು ಸುಲಭ. ಬಂದು ಎಷ್ಟು ವರ್ಷವಾಗಿದ್ದರೂ ಸೂಟ್‌ಕೇಸಿಗೆ ಅಂಟಿಸಿದ್ದ ಚೀಟಿಯನ್ನು ಕಿತ್ತಿರುವುದಿಲ್ಲ. ಧರ್ಮಪುರಕ್ಕೆ ಮದುವೆಗೆ ಹೊರಟರೂ ಆ ಚೀಟಿ ನಾಲ್ಕು ಜನಕ್ಕೆ ಕಾಣುವ ಹಾಗೆ ಬಸ್ಸಿನಲ್ಲಿ ಸೂಟ್‌ಕೇಸನ್ನು ತಿರುಗಿಸಿ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯ ನೀರನ್ನು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಮೂವತ್ತು ವರ್ಷ ಅದೇ ನೀರು ಕುಡಿದು ಬೆಳೆದವರು!

ಇಂಥವರ ಬುದ್ಧಿಮಾತು ಕೇಳುವ ಭಾಗ್ಯ ನನಗೆ ಒದಗಿದ್ದು ಅತ್ತೆಯವರನ್ನು ಮಸ್ಕತ್ತಿಗೆ ಕರೆದುಕೊಂಡು ಹೋಗಬೇಕಾಗಿ ಬಂದಾಗ. ನನ್ನ ನಾದಿನಿ ಇರುವುದು ಅಲ್ಲಿ. ಅವಳ ಗಂಡ ಅಲ್ಲೊಂದು ಕಂಪನಿಯಲ್ಲಿ ಕ್ರೇನ್ ನಡೆಸುತ್ತಾರೆ. ಮದುವೆಯಾದ ಹದಿನಾಲ್ಕು ವರ್ಷಕ್ಕೆ ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಹೆರಿಗೆ ಕಷ್ಟದ್ದಾದ್ದರಿಂದ ಅವಳು ಸದ್ಯಕ್ಕೆ ಪ್ರಯಾಣ ಮಾಡುವಂತಿರಲಿಲ್ಲ. ಎಪ್ಪತ್ತೆರಡು ವರ್ಷದ ಅತ್ತೆಗೆ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ತಾವೇ ನೀರೆರೆಯಬೇಕೆಂಬ ಆಸೆ. ಆದರೆ ಒಂದು ಷರತ್ತು ಹಾಕಿದರು.

"ಲಿಂಗ ಮೈಮೇಲಿಂದ ಇಳಿಸ್ದೆ ಹೋಗಂಗಿದ್ರೆ ಬರ್ತೀನಿ ಕಣಮ್ಮ. ಇಳಿಸ್ಬೇಕು ಅಂದ್ರೆ ನಾನು ಬರಲ್ಲ. ಅವ್ಳೇ ಬರ್ಲಿ, ಯಾವಾಗ ಆಗ್ತೈತೋ ಆವಾಗ."

ಐದಾರು ವರ್ಷದ ಹುಡುಗಿಯಾಗಿದ್ದಾಗ ಅಯ್ಯನವರು ಕಟ್ಟಿದ ಲಿಂಗ ಅದು. ಮೂರು ಹೆರಿಗೆ, ಒಂದು ಕಣ್ಣಿನ ಆಪರೇಷನ್, ಯಾವುದಕ್ಕೂ ಮೈಬಿಟ್ಟು ಹೋದದ್ದಲ್ಲ. ಲಿಂಗದ್ದೇನೂ ತೊಂದರೆಯಿಲ್ಲ, ತೊಂದರೆ ಅದನ್ನಿಡುವ ಕರಡಿಗೆಯದು. ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ. ವಿಮಾನ ನಿಲ್ದಾಣದಲ್ಲಿ ಲೋಹ ಕಂಡರೆ ಕೂಗುವ ಬಾಗಿಲಿದೆ, ಕೂಗಿದರೆ ಮೈಮೇಲಿನದನ್ನೆಲ್ಲ ಬಿಚ್ಚಿ ಟ್ರೇನಲ್ಲಿ ಹಾಕಿಸುತ್ತಾರೆ ಎಂದು ಅತ್ತೆ ಟೀವಿಯಲ್ಲಿ ನೋಡಿದ್ದರು.

ಹೋಗಿ ಬಂದವರನ್ನೇ ಕೇಳೋಣ ಎಂದು ಮೊದಲು ನಮ್ಮ ಭಾವನವರನ್ನು ಕರೆಸಿದೆ. ನನ್ನ ಗಂಡನ ದೊಡ್ಡಪ್ಪನ ಮಗ, ಕೊಬ್ಬರಿ ವ್ಯಾಪಾರಿ. ಹಣೆಗೆ ಮೂರು ಬೆರಳಿನ ವಿಭೂತಿ ಇಲ್ಲದೆ ಅಂಗಡಿಯ ಬಾಗಿಲು ತೆಗೆಯುವವರಲ್ಲ. ವ್ಯಾಪಾರಿಗಳ ಜೊತೆ ಗುಂಪಿನಲ್ಲಿ ಐದು ದಿನ ದುಬೈ ನೋಡಿ ಬಂದಿದ್ದರು. ಅಂದಿನಿಂದ ಅವರ ಮಾತೆಲ್ಲ "ನಾವು ದುಬೈನಾಗಿದ್ದಾಗ" ಎಂದೇ ಶುರುವಾಗುತ್ತದೆ, ಅಲ್ಲೇನೋ ಮನೆ ಮಾಡಿಕೊಂಡು ರೇಷನ್ ಕಾರ್ಡು ಮಾಡಿಸಿದ್ದವರ ಹಾಗೆ.

"ನಾವು ದುಬೈನಾಗಿದ್ದಾಗ ಒಂದು ಚೀಲ ಒಣಕೊಬ್ಬರಿ ಒಯ್ದಿದ್ದೆ ನೋಡಮ್ಮ. ಅರಬ್ಬರು ಮೂಸಿ ನೋಡಿ ಬೆರಗಾಗ್ಬಿಟ್ರು! ನೀವೂ ಒಯ್ರಿ, ನಾನೇ ಆರಿಸಿ ಕೊಡ್ತೀನಿ."

"ಅದಿರ್ಲಿ ಭಾವನೋರೆ, ಕರಡಿಗೆಗೆ ಏನ್ ಮಾಡಿದ್ರಿ? ಬಿಚ್ಚು ಅಂದ್ರಾ?"

ಭಾವನವರು ಟವೆಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಏ, ನಮ್ಮನ್ನೆಲ್ಲ ಏನ್ ಕೇಳ್ತಾರಮ್ಮ? ಮುಖ ನೋಡಿದ್ರೇ ಗೊತ್ತಾಗ್ತೈತಲ್ಲ, ಮರ್ಯಾದಸ್ಥರು ಅಂತ. ಹೋಗ್ರಿ ಹೋಗ್ರಿ ಅಂದ್ರು."

ಮುಖ ನೋಡಿ ಬಿಡುವ ಮಷೀನು ಬಂದಿರುವುದು ನನಗೆ ಗೊತ್ತಿರಲಿಲ್ಲ.

ಎರಡನೆಯವರು ಹಿಂದಿನ ಬೀದಿಯ ನಿವೃತ್ತ ಹೆಡ್‌ಮೇಡಂ. ನಮ್ಮವರೇ, ಲಿಂಗ ಕಟ್ಟಿಕೊಂಡವರೇ. ಹದಿನೈದು ದಿನದಲ್ಲಿ ಯುರೋಪಿನ ಎಂಟು ದೇಶ ನೋಡಿದವರು, ಅದರಲ್ಲಿ ಐದನ್ನು ಬಸ್ಸಿನ ಕಿಟಕಿಯಿಂದ. ಅವರು ಬರುವಾಗಲೇ ಒಂದು ಉಣ್ಣೆಯ ಸ್ವೆಟರ್ ಹಿಡಿದು ಬಂದಿದ್ದರು.

"ಒಳಗೆ ಎರಡು, ಹೊರಗೆ ಒಂದು. ಕಿವಿ ಮುಚ್ಚಿಕೊಳ್ಳೋದು ಮರೀಬೇಡ್ರಿ ಅಜ್ಜಿ."

"ಅಲ್ಲಿ ಮರಳುಗಾಡಂತಲ್ಲ ಮೇಡಂ?" ಎಂದರು ಅತ್ತೆ.

"ಮರಳಿದ್ರೇನು? ಫಾರಿನ್ ಅಂದ್ರೆ ಫಾರಿನ್ನೇ."

ಅವರಿಗೂ ಕರಡಿಗೆಯ ಪ್ರಶ್ನೆ ಹಾಕಿದೆ. ಮೇಡಂಗೆ ಕೆಮ್ಮು ಬಂತು. ನೀರು ತಂದುಕೊಟ್ಟೆ. ಕುಡಿದು, "ಅದೆಲ್ಲ ಮನಸ್ಸಿನಲ್ಲಿರಬೇಕು ನೋಡಿ" ಎಂದು ಎದ್ದರು. ಸ್ವೆಟರ್ ಮಾತ್ರ ಬಿಟ್ಟೇ ಹೋದರು.

ನಾದಿನಿ ಹೇಳಿದ್ದು ಒಂದೇ ಮಾತು, ಅದೂ ಫೋನಿನಲ್ಲಿ: "ಅತ್ತಿಗೆ, ಗಸಗಸೆ ಒಂದು ಕಾಳೂ ತರಬೇಡ್ರಿ, ಇಲ್ಲಿ ಅದಕ್ಕೆ ಜೈಲಿಗೆ ಹಾಕ್ತಾರೆ." ಅಷ್ಟು ಜನರ ಅಷ್ಟು ಸಲಹೆಯಲ್ಲಿ ಕೆಲಸಕ್ಕೆ ಬಂದದ್ದು ಇದೊಂದು. ನಾನು ಮಸಾಲೆ ಡಬ್ಬಿಗಳನ್ನೆಲ್ಲ ಬಗ್ಗಿಸಿ, ಒರೆಸಿ, ಚಟ್ನಿಪುಡಿಯನ್ನು ಹೊಸ ಡಬ್ಬಿಗೆ ತುಂಬಿದೆ. ರೊಟ್ಟಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿದೆ. ಮೇಲೆ ಭಾವನವರ ಕೊಬ್ಬರಿ.

ನನ್ನ ಗಂಡನಿಗೆ ಅಂಗಡಿ ಬಿಡುವಂತಿರಲಿಲ್ಲ. ಬಸ್ಸು ಹತ್ತಿಸಿ ಹಿಂದಕ್ಕೆ ಹೋದರು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನಾವಿಬ್ಬರೇ ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಸಾಮಾನು ತೂಗುವ ಕಡೆ ಕುಳಿತಿದ್ದ ಹುಡುಗಿ ಚಿತ್ರಗಳಿದ್ದ ಒಂದು ಹಾಳೆ ತೋರಿಸಿ, ಇವುಗಳಲ್ಲಿ ಏನಾದರೂ ಇದೆಯಾ ಎಂದಳು. ಲೈಟರ್, ಪಟಾಕಿ, ಬ್ಯಾಟರಿ, ಅವುಗಳ ಪಕ್ಕದಲ್ಲೇ ಎರಡು ಹೋಳು ಒಣಕೊಬ್ಬರಿ! ಎಣ್ಣೆಯಂಶವಿರುವುದರಿಂದ ಬೇಗ ಬೆಂಕಿ ಹತ್ತುತ್ತದಂತೆ, ಸೂಟ್‌ಕೇಸಿನಲ್ಲಿ ಬಿಡುವುದಿಲ್ಲವಂತೆ. ಹುಟ್ಟಿದಾಗಿನಿಂದ ಕೊಬ್ಬರಿಯ ಮೇಲೆಯೇ ಮಲಗಿ ಎದ್ದ ಭಾವನವರು ಒಂದು ಚೀಲ ದುಬೈಗೆ ಒಯ್ದರಂತೆ, ಅರಬ್ಬರು ಬೆರಗಾದರಂತೆ. ಎಲ್ಲರೆದುರು ಸೂಟ್‌ಕೇಸು ಬಿಚ್ಚಿ, ಕೊಬ್ಬರಿಯನ್ನೆಲ್ಲ ಹೊರಗೆ ತೆಗೆದು, ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿಗೆ ಕೊಟ್ಟೆ. ಅವಳು ಮೂಸಿ ನೋಡಿ, "ಚೆನ್ನಾಗೈತಕ್ಕ" ಎಂದಳು. ಭಾವನವರ ಅರಬ್ಬರಲ್ಲಿ ನಮಗೆ ಸಿಕ್ಕಿದ್ದು ಇವಳೊಬ್ಬಳೇ.

ಆಮೇಲೆ ಆ ಬಾಗಿಲು. ಅತ್ತೆ ದಾಟಿದರು; ಅದು ಕೂಗಿತು. ಹೆಂಗಸರಿಗೆಂದು ಪರದೆ ಕಟ್ಟಿದ ಜಾಗದಲ್ಲಿ ಒಬ್ಬ ಕಾವಲಿನ ಹುಡುಗಿ ನಿಂತಿದ್ದಳು, ಉತ್ತರದ ಕಡೆಯವಳು. ಕೈಯಲ್ಲಿದ್ದ ಮಷೀನನ್ನು ಅತ್ತೆಯ ಎದೆಯ ಹತ್ತಿರ ತಂದಳು, ಅದೂ ಕೂಗಿತು. ಸೆರಗಿನ ಕಡೆ ಬೆರಳು ತೋರಿಸಿ, ಅದನ್ನು ಟ್ರೇಗೆ ಹಾಕಿ ಎಂದು ಹಿಂದಿಯಲ್ಲಿ ಹೇಳಿದಳು. ನನಗೆ ಬರುವ ಹಿಂದಿ ಟೀವಿಯಿಂದ ಬಂದದ್ದು. "ಭಗವಾನ್ ಹೈ, ಭಗವಾನ್" ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಆದರೆ ತಲೆಯಾಡಿಸಿದಳು. ಆಗುವುದಿಲ್ಲ. ಇನ್ನೇನು, ಅತ್ತೆ ಇಲ್ಲಿಂದಲೇ ಹಿಂದಿರುಗುತ್ತಾರೆ, ಮಗು ನೋಡಿದ ಹಾಗೇ ಆಯಿತು ಎಂದುಕೊಂಡೆ.

ಅತ್ತೆಗೆ ಹಿಂದಿ ಬಾರದಿದ್ದರೂ ಬೆರಳು ಅರ್ಥವಾಗಿತ್ತು. ಒಂದು ಗಳಿಗೆ ಟ್ರೇ ಕಡೆ ನೋಡಿದರು. ಅದರಲ್ಲಿ ಯಾರದೋ ಬೆಲ್ಟು, ಚಪ್ಪಲಿ. ಆಮೇಲೆ ಚಪ್ಪಲಿ ಕಳಚಿಟ್ಟು ಅಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತರು.

"ಟ್ರೇಗೆ ಬೇಕಾಗಿರೋದು ಬೆಳ್ಳಿ ತಾನೆ?" ಎಂದು ನನ್ನನ್ನು ಕೇಳಿದರು.

ಸೆರಗಿನ ಮರೆಯಲ್ಲಿ ಕರಡಿಗೆಯ ಮುಚ್ಚಳ ತೆಗೆದರು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಮಣೆಯ ಮೇಲೆ ಕುಳಿತು ಮಾಡುವ ಹಾಗೆಯೇ, ಸುತ್ತಿದ್ದ ವಸ್ತ್ರ ಬಿಡಿಸಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬಲಗೈಯಿಂದ ಶಿವದಾರದ ಸಮೇತ ಖಾಲಿ ಕರಡಿಗೆಯನ್ನು ಕೊರಳಿನಿಂದ ತೆಗೆದು, "ಇಕ, ಇದನ್ನ ಹಾಕು ಅವ್ರ ಟ್ರೇಗೆ" ಎಂದು ನನಗೆ ಕೊಟ್ಟರು.

ಹುಡುಗಿ ಅಂಗೈಯ ಮೇಲೆ ಮಷೀನು ಆಡಿಸಿದಳು. ಸದ್ದಿಲ್ಲ. ಎದೆಯ ಹತ್ತಿರ, ಬೆನ್ನಿಗೆ, ಎಲ್ಲೂ ಸದ್ದಿಲ್ಲ. ಪರದೆ ಸರಿಸಿದಳು. ಅತ್ತೆ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಚಪ್ಪಲಿಯಿಲ್ಲದ ಕಾಲಿನಲ್ಲಿ ಆಚೆಗೆ ನಡೆದು ಹೋದರು. ಲಿಂಗ ಮೈಬಿಟ್ಟಿರಲಿಲ್ಲ.

"ನನಗ್ಯಾಕೆ ಇದು ಹೊಳೀಲಿಲ್ಲ ಅತ್ತೆ?" ಎಂದೆ.

"ಹೊಳ್ಯದೇನೈತೆ? ದಿನಾ ಮಾಡೋದು. ವಿಭೂತಿ ಒಂದು ಇರ್ಲಿಲ್ಲ."

ಮಸ್ಕತ್ತಿನ ವಿಷಯ ಹೆಚ್ಚಿಗೆ ಹೇಳುವುದಿಲ್ಲ. ಹೇಳಿದರೆ ನಾನೂ ಆ ಸಾಲಿಗೆ ಸೇರುತ್ತೇನೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಊರು ಅದು. ಅತ್ತೆ ಬೆಳಿಗ್ಗೆ ಬಕೆಟ್ಟಿನಲ್ಲಿ ನೀರು ಹಿಡಿದು ಆರಲು ಬಿಟ್ಟು, ಆಮೇಲೆ ಮೊಮ್ಮಗಳಿಗೆ ಎರೆಯುತ್ತಿದ್ದರು. ಮೇಡಂ ಕೊಟ್ಟ ಸ್ವೆಟರನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಿಗೆ ಹಾಸಿದೆವು. ಬರುವಾಗ ಅಲ್ಲಿನ ನಿಲ್ದಾಣದಲ್ಲಿ ಅತ್ತೆ ಯಾರೂ ಕೇಳುವ ಮೊದಲೇ ಸ್ಟೂಲು ಹುಡುಕಿ ಕುಳಿತರು.

ಊರಿಗೆ ಬಂದ ಮರುದಿನವೇ ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಹಿತ್ತಲ ಬಾಗಿಲಿನಿಂದ ಬಂದಳು. ಭಾವನವರ ಕರಡಿಗೆಯ ವಿಷಯ ಕೇಳಿದ್ದಕ್ಕೆ ನಕ್ಕುಬಿಟ್ಟಳು. "ನಮ್ಮನೆಯೋರದಾ? ಬಸ್ಸಿನಾಗೇ ಬಿಚ್ಚಿ ಕಾಲುಚೀಲದೊಳಗೆ ತುರುಕಿ ಸೂಟ್‌ಕೇಸಿಗೆ ಹಾಕಿದ್ರಂತೆ. ಯಾರಿಗೂ ಹೇಳ್ಬ್ಯಾಡಮ್ಮ." ಹೇಳುತ್ತಿದ್ದೇನೆ. ಕಾಲುಚೀಲದೊಳಗೆ! ಮುಖ ನೋಡಿ ಬಿಟ್ಟ ಮರ್ಯಾದಸ್ಥರು!

ಸಂಜೆ ಭಾವನವರೇ ಬಂದರು. ಅವರ ಗುಂಪು ಈ ಸಲ ಸಿಂಗಪುರಕ್ಕೆ ಹೊರಟಿತ್ತು. ಜಗಲಿಯಲ್ಲಿ ಕುಳಿತು ಅದೂ ಇದೂ ಮಾತಾಡಿ, ಕೊನೆಗೆ ಧ್ವನಿ ಇಳಿಸಿದರು.

"ಚಿಕ್ಕಮ್ಮ, ಅದೇನೋ ಕೈಯಾಗೆ ಹಿಡ್ಕಂಡು ಹೋದ್ರಂತೆ. ಹೆಂಗೆ ಅಂತ ವಸಿ ತೋರಿಸ್ರಿ."

"ತೋರಿಸೋದೇನೈತಪ್ಪ? ದಿನಾ ಪೂಜೆಗೆ ತಗೀತೀಯಲ್ಲ, ಹಂಗೇ. ತೆಗಿ ನಿಂದು, ನೋಡಾಣ."

ಭಾವನವರು ಅಂಗಿಯೊಳಗಿಂದ ಕರಡಿಗೆಯನ್ನು ಹೊರಗೆ ಎಳೆದು ಮುಚ್ಚಳ ತಿರುಗಿಸಿದರು. ಬರಲಿಲ್ಲ. ಟವೆಲು ಸುತ್ತಿ ತಿರುಗಿಸಿದರು. ಉಗುರು ಹಾಕಿ ಮೀಟಿದರು. ಬೆಳ್ಳಿ ಕಪ್ಪಾಗಿ, ಸಂದಿಯಲ್ಲಿ ಹಳೆಯ ವಿಭೂತಿ ಬೆವರಿನ ಜೊತೆ ಸೇರಿ ಗಾರೆಯ ಹಾಗೆ ಕಟ್ಟಿಕೊಂಡಿತ್ತು. ಅವರ ಹಣೆಯ ಮೂರು ಗೆರೆಯೂ ಬೆವರಿಗೆ ಇಳಿಯತೊಡಗಿತು.

ಅತ್ತೆ ಬಗ್ಗಿ ಕರಡಿಗೆಯನ್ನು ನೋಡಿದರು. ಆಮೇಲೆ ಒಳಗೆ ನಿಂತಿದ್ದ ನನ್ನನ್ನು ಕೂಗಿದರು.

"ಒಂದಿಷ್ಟು ಕೊಬ್ಬರಿ ಎಣ್ಣೆ ತಗಂಬಾರಮ್ಮ. ದುಬೈಯೋರದ್ದು ಹಿಡ್ಕಂಬಿಟ್ಟೈತೆ."