ಏಕ್ ಸಾದಾ

ಕುಂದಾಪುರದ ಕಡೆಯ ಕಾಂತಪ್ಪ ಪುಣೆಗೆ ಬಂದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ. ನಿಗಡಿಯ ನಂದಾದೀಪ ಭವನದಲ್ಲಿ ಅವನಿಗಿದ್ದ ಕೆಲಸ ಒಂದೇ, ಕೂಗುವುದು. ಗಿರಾಕಿಗಳು ಕೇಳಿದ್ದನ್ನು ಮಾಣಿಗಳು ಅವನಿಗೆ ಹೇಳಬೇಕು, ಅವನು ಅಡುಗೆಮನೆಯ ಕಿಂಡಿಯತ್ತ ಮುಖ ಮಾಡಿ ಕೂಗಬೇಕು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಭಾನುವಾರ ಬೆಳಗ್ಗೆ ಅಲ್ಲಿಗೆ ಬಂದು ಒಂದು ಗಳಿಗೆ ನಿಲ್ಲಬೇಕಿತ್ತು.

“ಏಕ್ ಸಾದಾ” ಎಂದರೆ ಇರುವುದು ಎರಡೇ ಮಾತು. ಉಳಿದದ್ದೆಲ್ಲ ರಾಗದಲ್ಲಿ. ಕೊನೆಯ ‘ದಾ’ ಎಳೆದರೆ ದೋಸೆ ಗರಿಗರಿಯಾಗಬೇಕು. ತುಂಡರಿಸಿದರೆ ಮೆತ್ತಗಿರಲಿ, ಹಲ್ಲಿಲ್ಲದವರು ಯಾರೋ ಕೂತಿದ್ದಾರೆ. ದನಿ ಏರಿಸಿದರೆ ಗಿರಾಕಿಗೆ ಬಸ್ಸಿನ ಅವಸರ. ಒಳಗೆ ದೋಸೆ ಹೊಯ್ಯುವ ಮಧ್ವೇಶ ಭಟ್ಟರು ಸಟ್ಟುಗದಿಂದ ಕಾವಲಿಯ ಅಂಚಿಗೆ ಟಣ್ ಟಣ್ ಎಂದು ಬಡಿದರೆ ‘ಕೇಳಿಸಿತು, ತಿಳಿಯಿತು’ ಎಂದು ಅರ್ಥ. ಹೀಗೆ ಅವರಿಬ್ಬರೂ ಮುಖ ನೋಡದೆಯೇ ಅರ್ಧ ಆಯುಷ್ಯ ಮಾತಾಡಿಕೊಂಡಿದ್ದರು. ಆ ಟಣ್ ಟಣ್ ಕಿವಿಗೆ ಬೀಳದಿದ್ದರೆ ಕಾಂತಪ್ಪನಿಗೆ ಬೆಳಗಿನ ಚಾ ಕೂಡ ರುಚಿಸುತ್ತಿರಲಿಲ್ಲ.

ಹಳೆಯ ಧಣಿ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಮಗ ಸುಖೇಶ ಕೂತ. ಒಳ್ಳೆಯ ಹುಡುಗ, ಯಾರಿಗೂ ದನಿ ಎತ್ತಿ ಮಾತಾಡುವವನಲ್ಲ. ಕಷ್ಟ ಬಂದದ್ದೇ ಅಲ್ಲಿ, ಒಳ್ಳೆಯವರ ಮೇಲೆ ಜಗಳಕ್ಕೆ ಹೋಗುವುದು ಹೇಗೆ? ಅವನು ಶ್ರದ್ಧಾ ಎಂಬ ಡಿಸೈನರ್ ಹುಡುಗಿಯನ್ನು ಕರೆತಂದ. ದೇವರ ಪಟಗಳು, ಬಾರಾಮತಿಯ ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರು, ‘ಇಲ್ಲಿ ತಲೆ ಬಾಚಬಾರದು’ ಎಂಬ ಬೋರ್ಡು ಎಲ್ಲವೂ ಗೋಡೆಯಿಂದ ಇಳಿದವು. ಹೊರಗಿನ ಹೆಸರಿನಲ್ಲಿ ದೀಪವೂ ಹೋಯಿತು, ಭವನವೂ ಹೋಯಿತು, ‘ನಂದಾ’ ಮಾತ್ರ ಉಳಿಯಿತು. ಒಳಗೆ ಸುತ್ತಲೂ ಬಿಳಿ ಗೋಡೆ, ಒಂದು ಗೋಡೆಗೆ ಈ ತುದಿಯಿಂದ ಆ ತುದಿಗೆ ಸಪೂರವಾದ ಒಂದು ಕಪ್ಪು ಗೆರೆ.

ಕೆಲಸ ಅರ್ಧಕ್ಕೇ ನಿಂತಿದೆ ಎಂದುಕೊಂಡ ಕಾಂತಪ್ಪ, “ಉಳಿದದ್ದು ಬಳಿಯಲಿಕ್ಕೆ ಪೇಂಟರು ಯಾವಾಗ ಬರುದು?” ಎಂದು ಕೇಳಿದ.

“ಇಷ್ಟೇ ಅಂಕಲ್, ಮುಗೀತು. ಇದಕ್ಕೆ ಮಿನಿಮಲಿಸಂ ಅಂತಾರೆ,” ಎಂದು ಶ್ರದ್ಧಾ ನಕ್ಕಳು. “ಬೇಡದ್ದನ್ನೆಲ್ಲ ತೆಗೆದ ಮೇಲೆ ಏನು ಉಳಿಯುತ್ತೋ ಅದೇ ಚಂದ.”

ಕಾಂತಪ್ಪ ತಲೆಯಾಡಿಸಿದ. ಯಾವುದು ಬೇಡ ಎಂದು ತೀರ್ಮಾನಿಸುವವರು ಯಾರು ಎಂದು ಕೇಳಲು ಅವನಿಗೆ ಹೊಳೆಯಲಿಲ್ಲ.

ಶ್ರದ್ಧಾಳ ಗೆಳೆಯ ಅಶ್ವಿತ್ ಸಂಗೀತ ಕಟ್ಟುವವನು. ಕಾಂತಪ್ಪನ ಕೂಗು ಕೇಳಿ ಅವನು ಕುರ್ಚಿಯಿಂದ ಎದ್ದೇಬಿಟ್ಟ. ಈ ದನಿಯನ್ನು ರೆಕಾರ್ಡ್ ಮಾಡಲೇಬೇಕು ಎಂದ. ಕಾಂತಪ್ಪ ಹಿಗ್ಗಿ ಹೀರೇಕಾಯಿಯಾದ. ಮನೆಯಲ್ಲಿ ಹೆಂಡತಿ ಕುಸುಮ ಇಸ್ತ್ರಿ ಹಾಕಿದ ಅಂಗಿ ಕೊಟ್ಟಳು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ ಹೋಗಿ ಎಂದಳು, ಅವನು ಬಸ್ಸು ಹತ್ತುವುದರೊಳಗೆ ಇಡೀ ವಠಾರಕ್ಕೆ ಸುದ್ದಿ ಮುಟ್ಟಿಸಿದಳು. ಮಸಾಲೆ, ಉತ್ತಪ್ಪ, ಇಡ್ಲಿ-ವಡೆ ಎಲ್ಲವನ್ನೂ ಕೂಗಲು ತಯಾರಾಗಿ ಹೋದವನಿಗೆ ಅಶ್ವಿತ್ ‘ಏಕ್ ಸಾದಾ’ ಒಂದನ್ನೇ ಕೂಗಿಸಿದ.

“ಒಂದು ತುಣುಕು ಸಾಕು ಅಂಕಲ್. ಅದನ್ನೇ ಮತ್ತೆ ಮತ್ತೆ ಬರಿಸ್ತೀನಿ, ಗೊತ್ತಾಗದ ಹಾಗೆ ಒಂಚೂರು ಒಂಚೂರೇ ಬದಲಾಗುತ್ತೆ. ಕೇಳ್ತಾ ಕೇಳ್ತಾ ಅದು ಮಾತು ಅನ್ನೋದೇ ಮರೆತುಹೋಗಬೇಕು.”

ಹೊಸ ಹೋಟೆಲು ತೆರೆದ ದಿನ ಮಾಡಿನ ಸ್ಪೀಕರಿನಿಂದ ಕಾಂತಪ್ಪನ ದನಿ ಇಳಿದುಬಂತು. ಏಕ್ ಸಾದಾ, ಏಕ್ ಸಾದಾ, ನಡುವೆ ತಂಬೂರಿಯ ಒಂದೇ ತಂತಿ. ನಿಜ ಹೇಳಬೇಕೆಂದರೆ ಕೇಳಲು ಚೆನ್ನಾಗಿಯೇ ಇತ್ತು. ಆಕುರ್ಡಿಯ ಕಾಲೇಜು ಹುಡುಗರು ಕಣ್ಣು ಮುಚ್ಚಿ ಕೂತು ಕೇಳಿದರು. ಆರ್ಡರು ಮಾತ್ರ ಈಗ ಮಾಣಿಗಳ ಕೈಯ ಮೊಬೈಲಿನಿಂದ ಸೀದಾ ಭಟ್ಟರೆದುರಿನ ಪರದೆಗೆ ಹೋಗುತ್ತಿತ್ತು.

ಪಾಪ, ಭಟ್ಟರ ಕೈಗೆ ಇದು ಗೊತ್ತಾಗಬೇಕಲ್ಲ! ಮೇಲಿನಿಂದ ‘ಏಕ್ ಸಾದಾ’ ಎಂದಾಗಲೆಲ್ಲ ಟಣ್ ಟಣ್ ಎಂದು ಬಡಿದು ಹಿಟ್ಟು ಹೊಯ್ದರು. ಯಾರೂ ಕೇಳದ ದೋಸೆಗಳು ಕಿಂಡಿಯ ಮೇಲೆ ರಾಶಿ ಬಿದ್ದವು. ಮಾಣಿಗಳು ಬಿದ್ದು ಬಿದ್ದು ನಕ್ಕರು. ಸುಖೇಶ ಬಂದು, “ಭಟ್ರೇ, ಕಿವಿಯ ಮಾತು ಕೇಳಬೇಡಿ, ಪರದೆ ಮಾತ್ರ ನೋಡಿ,” ಎಂದು ಮೆಲ್ಲಗೆ ಹೇಳಿದ. ಭಟ್ಟರಿಗೆ ನಾಚಿಕೆಯಾಯಿತು. ಹಲ್ಲು ಕಚ್ಚಿ ಅಭ್ಯಾಸ ಬಿಡಿಸಿಕೊಂಡರು, ಬಹಳ ದಿನ ಹಿಡಿಯಿತು.

ಕಾಂತಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಬಾಗಿಲಲ್ಲಿ ನಿಲ್ಲಿಸಿದರು, ಬಂದವರಿಗೆ ನಮಸ್ಕಾರ ಮಾಡಲಿಕ್ಕೆ. ಸಂಬಳವೂ ಅಷ್ಟೇ ಇತ್ತು. ದಿನವಿಡೀ ತನ್ನದೇ ದನಿ ತಲೆಯ ಮೇಲೆ ಕೂಗುತ್ತಿರುವಾಗ ಬಾಯಿ ಮುಚ್ಚಿ ಕೈ ಮುಗಿಯುವುದು ಎಂಥ ಹಿಂಸೆ ಎಂದು ಯಾರಿಗೆ ಹೇಳಬೇಕು? ಕುಸುಮಳಿಗೆ ಹೇಳಿದರೆ, “ಕೂತಲ್ಲೇ ಹೆಸರು ಬಂತಲ್ಲ, ಮತ್ತೆಂತ ಬೇಕು ನಿಮಗೆ?” ಎಂದಳು. ಅವನಿಗೆ ಬೇಕಾಗಿದ್ದದ್ದು ಒಂದೇ. ತಾನು ಕೂಗಬೇಕು, ಒಳಗಿನಿಂದ ಟಣ್ ಟಣ್ ಬರಬೇಕು.

ಕೊನೆಗೆ ಧೈರ್ಯ ಮಾಡಿ ಸುಖೇಶನ ಮುಂದೆ ನಿಂತ. “ದಿವಸಕ್ಕೆ ಒಂದು ಗಳಿಗೆ ಆದ್ರೂ ಕೂಗ್ತೇನೆ ಧಣೀ. ಸುಮ್ಮನೆ ನಿಂತ್ರೆ ಗಂಟಲು ತುಕ್ಕು ಹಿಡೀತದೆ.”

“ಒಂದರ ಮೇಲೆ ಒಂದು ಬಿದ್ರೆ ಸಂಗೀತ ಕೆಡ್ತದಲ್ಲ ಕಾಂತಪ್ಪಣ್ಣ,” ಎಂದ ಸುಖೇಶ. ಆ ಮುಖ ನೋಡಿ ಕರಗಿ, “ಪರದೆ ಎಂದಾದ್ರೂ ಕೈಕೊಟ್ರೆ ಮತ್ತೆ ನೀವೇ ಗತಿ, ಅಲ್ವಾ?” ಎಂದು ಸೇರಿಸಿದ. ಸಮಾಧಾನಕ್ಕೆ ಆಡಿದ ಮಾತು. ಕಾಂತಪ್ಪ ಅದನ್ನೇ ಸೆರಗಿಗೆ ಕಟ್ಟಿಕೊಂಡವರ ಹಾಗೆ ಜೋಪಾನ ಮಾಡಿದ. ಅಂದಿನಿಂದ ಬೆಳಗ್ಗೆ ಎದ್ದು ಉಪ್ಪುನೀರು ಮುಕ್ಕಳಿಸುವುದನ್ನು ಬಿಡಲಿಲ್ಲ.

ಪರದೆ ಕೈಕೊಟ್ಟದ್ದು ಒಂದು ಭಾನುವಾರ, ಜನ ಬಾಗಿಲಾಚೆಗೂ ನಿಂತ ಹೊತ್ತಿನಲ್ಲಿ. ಮೊಬೈಲು ಒತ್ತಿ ಒತ್ತಿ ಮಾಣಿಗಳು ಕಂಗಾಲಾದರು. ಸುಖೇಶ ಯಾರಿಗೋ ಫೋನು ಮಾಡುತ್ತಾ ಬಾಗಿಲಿನತ್ತ ನೋಡಿ ಕೈಸನ್ನೆ ಮಾಡಿದ. ಮೂಲೆಯ ಮೇಜಿನಲ್ಲಿ ದೇಹೂ ರೋಡಿನ ವಯಸ್ಸಾದ ಮೇಜರ್ ಸಾಹೇಬರು ಕೂತಿದ್ದರು, ಅವರಿಗೆ ಮೆತ್ತನೆಯ ದೋಸೆಯೇ ಆಗಬೇಕು. ಕಾಂತಪ್ಪ ಹಳೆಯ ಜಾಗಕ್ಕೆ ಹೋದ, ಕಿಂಡಿಯತ್ತ ಮುಖ ಮಾಡಿದ, ‘ದಾ’ ತುಂಡರಿಸಿ ಕೂಗಿದ. “ಏಕ್ ಸಾದಾ!”

ಒಳಗಿನಿಂದ ಏನೂ ಬರಲಿಲ್ಲ.

ಇನ್ನಷ್ಟು ಜೋರಾಗಿ ಕೂಗಿದ. ಮೇಲಿನ ಸ್ಪೀಕರು ತನ್ನ ಪಾಡಿಗೆ ತಾನು ಏಕ್ ಸಾದಾ ಎನ್ನುತ್ತಲೇ ಇತ್ತು. ಗಿರಾಕಿಗಳು ಇದು ಭಾನುವಾರದ ವಿಶೇಷ ಎಂದುಕೊಂಡು ಮೊಬೈಲು ಎತ್ತಿದರು. “ವಾಹ್ ಅಣ್ಣಾ, ಏಕದಮ್ ಭಾರೀ!” ಎಂದು ಯಾರೋ ಚಪ್ಪಾಳೆ ತಟ್ಟಿದರು. ಕುತ್ತಿಗೆಯ ನರ ಉಬ್ಬಿಸಿಕೊಂಡು ಕಾಂತಪ್ಪ ಮತ್ತೂ ಒಮ್ಮೆ ಕೂಗಿದ. ಕಿಂಡಿಯಾಚೆ ಭಟ್ಟರು ಬೆನ್ನು ಹಾಕಿ, ಕಪ್ಪಾದ ಪರದೆಯನ್ನೇ ನೋಡುತ್ತಾ ನಿಂತಿದ್ದರು.

ಅವನು ಅಡುಗೆಮನೆಗೆ ಹೋಗಿ ಅವರ ಭುಜ ಮುಟ್ಟಿದ.

ಭಟ್ಟರು ಬೆಚ್ಚಿ ತಿರುಗಿದರು. “ನೀನಾ ಮಾರಾಯಾ ಕೂಗಿದ್ದು? ನಾನು ಆ ಸ್ಪೀಕರು ಅಂದುಕೊಂಡೆ.” ಅವರ ಕಣ್ಣು ತುಂಬಿತು. “ಕೇಳಬಾರದು, ಕೇಳಬಾರದು ಅಂತ ಕಿವಿಗೆ ಎಷ್ಟು ಕಲಿಸಿದ್ದೇನೆ ಗೊತ್ತುಂಟಾ? ಈಗ ಅದು ಕೇಳುದೇ ಇಲ್ಲ.”

“ಹೋಗಲಿ ಬಿಡಿ ಭಟ್ರೇ,” ಎಂದ ಕಾಂತಪ್ಪ. ಪಕ್ಕದಲ್ಲಿ ನಿಂತು, ರಾಗವಿಲ್ಲದೆ, ತಗ್ಗಿದ ದನಿಯಲ್ಲಿ ಹೇಳಿದ, “ಒಂದು ಸಾದಾ.”

ಭಟ್ಟರು ಹಿಟ್ಟಿನ ಸೌಟು ಎತ್ತಿದರು. ಎತ್ತಿದವರು ಹಾಗೇ ನಿಂತು, ಇಷ್ಟು ವರ್ಷ ಒಮ್ಮೆಯೂ ಕೇಳದ ಮಾತನ್ನು ಕೇಳಿದರು.

“ಹೇಗೆ ಹಾಕ್ಲಿ ಕಾಂತಪ್ಪ? ಗರಿಯಾ, ಮೆತ್ತಗಾ?”