ಒಂದು ಹಡಗು, ಮೂರು ಹೆಸರು, ಒಂದು ತೇಪೆ

ಬಣ್ಣದ ಮಾಮ ಮೂವತ್ತು ವರ್ಷ ಹೆಸರು ಮಾಡಿದರು; ಒಂದೂ ತಮ್ಮದಲ್ಲ. ರಿಪೇರಿಗೆ ಬಂದ ಹಡಗುಗಳ ಹಿಂಬದಿಗೆ ಹಲಗೆ ಕಟ್ಟಿಕೊಂಡು ನೇತಾಡುತ್ತ ಹೆಸರು ಬರೆಯುವುದು ಅವರ ಕಸುಬು. ಅವರ ಸ್ವಂತ ಹೆಸರು ಬಂದರಿನ ಗೇಟ್ ಪಾಸಿನ ಮೇಲಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ಬರೆಯುವುದಕ್ಕೊಂದು ಕ್ರಮವಿತ್ತು. ದಪ್ಪ ಕಾಗದದ ಮೇಲೆ ಹೆಸರು ಬರೆದು, ಅಕ್ಷರದ ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಕಾಗದವನ್ನು ಹಡಗಿಗೆ ಅಂಟಿಸಿ, ಮೇಲೆ ಸೀಮೆಸುಣ್ಣದ ಪುಡಿಯ ಗಂಟು ತಟ್ಟಬೇಕು. ತೂತಿನಿಂದ ಇಳಿದ ಚುಕ್ಕಿಗಳನ್ನು ಕೂಡಿಸಿದರೆ ಹೆಸರು. ಹಡಗಿನ ಮೈಯಲ್ಲಿ ತೇಪೆಯೋ ಉಬ್ಬೋ ಇದ್ದರೆ, ಕಾಗದದಲ್ಲಿ ಅಷ್ಟು ಜಾಗ ಕತ್ತರಿಸಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಆ ಕಾಗದಗಳನ್ನು ಮಾಮನ ಹೆಂಡತಿ ಮಡಚಿ ಅಡುಗೆಮನೆಯ ಶೆಲ್ಫಿಗೆ ಹಾಸುತ್ತಿದ್ದರು. ಆ ಮನೆಯ ಡಬ್ಬಗಳೆಲ್ಲ ಒಂದಲ್ಲ ಒಂದು ಹಡಗು ಹತ್ತಿ ಕೂತಿದ್ದವು.

ಐದು ವರ್ಷದ ಹಿಂದೆ ಒಂದು ಎಣ್ಣೆ ಹಡಗು ಮೊದಲು ಬಂದಾಗ ಮಾಮ ಅದಕ್ಕೆ ಬರೆದದ್ದು ‘ಶಾಂತ ಸಾಗರ’. ವ್ಯಾಪಾರ ನಿರ್ಬಂಧಕ್ಕೊಳಗಾದ ದೇಶದ ಎಣ್ಣೆಯನ್ನು ಕದ್ದು ಸಾಗಿಸಿ ಸರ್ಕಾರದ ಪಟ್ಟಿಗೆ ಬಿದ್ದ ಮೇಲೆ ‘ಶುಭ್ರ ಅಲೆ’ಯಾಯಿತು. ಎಣ್ಣೆ ಹಾಕಿದ ಮನುಷ್ಯ ತನ್ನ ಹೆಸರು ಮರೆಯುವುದುಂಟು. ಹಡಗಿಗೂ ಅದೇ ಕಾಯಿಲೆ. ಮಾಮ ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೆ ಖುಷಿಪಟ್ಟ ಏಜೆಂಟ್ ಮಾಮನ ಅಳಿಯನಿಗೆ ಅದೇ ಹಡಗಿನಲ್ಲಿ ಅಡುಗೆ ಕೆಲಸ ಕೊಡಿಸಿದ. ಏಜೆಂಟ್ ದೇವರಂಥವನು ಎಂದರು ಮಾಮ. ದೇವರಂತೆಯೇ ಅವನೂ ಆಮೇಲೆ ಫೋನಿಗೆ ಸಿಗಲಿಲ್ಲ.

ವರ್ಷದ ಮೇಲೆ ಹಡಗು ಮರಳಿತು. ಮಾಮ ಹಲಗೆಯ ಮೇಲೆ ಕೂತು ಅದರ ಮೂರನೆಯ ಹೆಸರು ‘ನಿಷ್ಠೆ’ಯ ಒತ್ತಕ್ಷರ ತೀಡುತ್ತಿದ್ದಾಗ, ಮೇಲಿನ ಕಂಬಿಯಿಂದ ಅಳಿಯ ಬಗ್ಗಿದ.

"ಮಾವ, ಹೇಗಾದ್ರೂ ಮಾಡಿ ನನ್ನ ಇಳಿಸಿ. ಪಾಸ್‌ಪೋರ್ಟ್ ಕ್ಯಾಪ್ಟನ್ ಇಟ್ಕೊಂಡಿದ್ದಾನೆ. ಎಂಜಿನ್ ರೂಮಲ್ಲಿ ನೀರು ಒಸರ್ತಿದೆ. ಮುಳುಗಿದ್ರೆ ಕೇಳೋಕೆ ಮಾಲೀಕ ಯಾರು ಅಂತಲೂ ಗೊತ್ತಿಲ್ಲ. ನಾಳೆ ಮಧ್ಯಾಹ್ನ ಹೊರಡುತ್ತಂತೆ."

"ಪೊಲೀಸ್ರಿಗೆ ಫೋನ್ ಮಾಡಬಾರದಿತ್ತೇನ್ರೀ?"

"ಯಾವ ಹಡಗು ಅಂತ ಹೇಳ್ಲಿ? ನೀವಿನ್ನೂ ಬರೀತಾನೇ ಇದೀರಲ್ಲ."

ಮಾಮ ಬ್ರಷ್ ಬಿಟ್ಟು ನಿರ್ಬಂಧ ಜಾರಿ ಕಚೇರಿಗೆ ಓಡಿದರು. ಅಲ್ಲಿ ಗೋಡೆ ತುಂಬ ಪರದೆ, ಪರದೆ ತುಂಬ ಸಮುದ್ರ, ಸಮುದ್ರ ತುಂಬ ಚುಕ್ಕಿ. ಉಪಗ್ರಹದ ಕಣ್ಣಿಂದ ಏಳು ಸಮುದ್ರ ನೋಡುವ ಕಚೇರಿಗೆ, ಕಿಟಕಿಯಾಚೆ ನಿಂತ ಹಡಗು ಮಾತ್ರ ಫೈಲಿನಲ್ಲಿ ಬಂದ ಹೊರತು ಕಾಣುತ್ತಿರಲಿಲ್ಲ.

"ಪಟ್ಟೀಲಿರೋದು ‘ಶಾಂತ ಸಾಗರ’," ಎಂದರು ಅಧಿಕಾರಿ, ಕನ್ನಡಕ ಒರೆಸುತ್ತ. "ಅಲ್ಲಿರೋದು ‘ನಿಷ್ಠೆ’. ನಿಷ್ಠೆಯನ್ನ ಹೇಗ್ರೀ ಹಿಡಿಯೋದು?"

"ಎರಡೂ ಒಂದೇ ಮೇಡಂ. ಬರೆದೋನು ನಾನೇ."

"ಹಡಗಿನ ಮೈಮೇಲೆ ಒಂದು ನಂಬರ್ ಇರುತ್ತೆ. ಅದು ಬದಲಾಗಲ್ಲ."

"ಅದರ ಮೇಲೆ ಬೇರೆ ನಂಬರಿನ ತಗಡು ಬೆಸೆದಿದ್ದಾರೆ. ಕಿತ್ತು ನೋಡಿ."

"ಕೀಳೋಕೆ ಆದೇಶ ಬೇಕು. ಆದೇಶಕ್ಕೆ ಪುರಾವೆ ಬೇಕು."

"ಪುರಾವೆ ಆ ತಗಡಿನ ಕೆಳಗೇ ಇದೆಯಲ್ಲ."

"ಅದಕ್ಕೇ ಆದೇಶ ಬೇಕು ಅಂದಿದ್ದು. ಇನ್ನೊಂದು ಮಾತು, ಪುರಾವೆ ತಂದ್ರೆ, ಸುಳ್ಳು ಹೆಸರು ಬರೆದಿದ್ದಕ್ಕೆ ನಿಮ್ಮ ಪಾಸೂ ಹೋಗುತ್ತೆ. ಯೋಚನೆ ಮಾಡಿ."

ಮಾಮ ಯೋಚನೆ ಮಾಡುತ್ತಲೇ ಮನೆಗೆ ಬಂದು ಶೆಲ್ಫಿನ ಡಬ್ಬಗಳನ್ನು ಇಳಿಸತೊಡಗಿದರು.

"ಮೂವತ್ತು ವರ್ಷದಲ್ಲಿ ಒಂದಿನ ಅಡುಗೆಮನೆ ಒರೆಸಿದವರಲ್ಲ. ಇವತ್ತೇನು ಬಂತು?" ಎಂದರು ಹೆಂಡತಿ.

"ಅಳಿಯನ್ನ ಹುಡುಕ್ತಿದ್ದೀನಿ ಕಣೇ."

ಮಗಳು ಬಂದು ಉಪ್ಪಿನ ಡಬ್ಬ ಎತ್ತಿದಳು. ಅಡಿಯಲ್ಲಿ ‘ಶುಭ್ರ ಅಲೆ’. ‘ಶಾಂತ ಸಾಗರ’ ಮಾತ್ರ ಇಲ್ಲೂ ಎಣ್ಣೆ ಡಬ್ಬದ ಸಹವಾಸ ಬಿಟ್ಟಿರಲಿಲ್ಲ.

ಬೆಳಿಗ್ಗೆ ಕಚೇರಿಯ ನೆಲದ ಮೇಲೆ ಮಾಮ, ಹೊಸ ‘ನಿಷ್ಠೆ’ಯದೂ ಸೇರಿ, ಮೂರೂ ಕಾಗದಗಳನ್ನು ಒಂದರ ಮೇಲೊಂದು ಹಾಸಿದರು. ಮೂರರಲ್ಲೂ ಎಡಮೂಲೆಯಲ್ಲಿ, ಅಂಗೈಯಾಕಾರದ ಒಂದೇ ಕಂಡಿ.

"ಅಲ್ಲೊಂದು ತೇಪೆ ಇದೆ ಮೇಡಂ. ಹೆಸರು ಮೂರಾಯ್ತು, ತೇಪೆ ಇದ್ದ ಹಾಗೇ ಇದೆ."

"ಇದನ್ನ ನಿನ್ನೆ ಕೂತು ಕತ್ತರಿಸಿಲ್ಲ ಅಂತ ಏನು ಗ್ಯಾರಂಟಿ?"

"ಮೂಸಿ ನೋಡಿ."

ಅಧಿಕಾರಿ ಮೂಸಿದರು. ಐದು ವರ್ಷದ ಜಿಡ್ಡು. ಅಷ್ಟು ಪ್ರಾಮಾಣಿಕವಾದ ದಾಖಲೆ ಆ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲ. ಅವರೇ ಕಾಗದ ಸುತ್ತಿಕೊಂಡು ನಡೆದರು, ಸೆರಗು ಸಿಕ್ಕಿಸಿ ಹಲಗೆ ಹತ್ತಿದರು. ಮೂರು ಕಂಡಿಯಲ್ಲೂ ಅದೇ ತೇಪೆ ಇಣುಕಿತು. ಆದೇಶ ಬಂತು, ತಗಡು ಕಳಚಿತು, ಕೆಳಗಿನಿಂದ ಹಳೆಯ ನಂಬರು ಈಚೆ ಬಂತು. ಹಡಗು ಹೊರಡಲು ಅರ್ಧ ಗಂಟೆಯಿತ್ತು.

ಹಡಗು ಜಪ್ತಿಯಾಯಿತು; ಅಳಿಯ ಪಾಸ್‌ಪೋರ್ಟ್ ವಾಪಸ್ ಪಡೆದು, ಚೀಲ ಹೊತ್ತು ಇಳಿದ. ಗೇಟಿನಲ್ಲಿ ಕಾವಲುಗಾರ ಮಾಮನ ಪಾಸು ಕಿತ್ತುಕೊಂಡು, ಮೊದಲ ಸಲ ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ.

ಆ ಒಂದು ಹಡಗಿನ ಪುಣ್ಯದಿಂದ ಕಚೇರಿ ‘ಸುಧಾರಿತ ನಿರ್ಬಂಧ ಜಾರಿ ಕಚೇರಿ’ ಆಯಿತು. ಬೋರ್ಡು ಬರೆಯಲು, ಪಾಸಿಲ್ಲದೆ ಖಾಲಿ ಕೂತಿದ್ದ ಮಾಮನನ್ನೇ ಕರೆದರು. ಹಳೆಯ ಬಣ್ಣ ಕೆರೆದರೆ ಅಡಿಯಲ್ಲಿ ‘ವಿಶೇಷ’, ಅದರಡಿಯಲ್ಲಿ ‘ಪರಿಷ್ಕೃತ’.

ಕೆಳಗೆ ಏಣಿ ಹಿಡಿದಿದ್ದ ಅಳಿಯ ಕೇಳಿದ: "ಮಾವ, ಇದನ್ನೂ ಪಟ್ಟಿಗೆ ಸೇರಿಸ್ಬೇಕಲ್ವಾ?"

"ಸುಮ್ನೆ ಏಣಿ ಹಿಡ್ಕೊಳ್ರೀ," ಎಂದರು ಮಾಮ. "ಮತ್ತೆ, ಈ ಕಾಗದಾನ ಜೋಪಾನವಾಗಿ ಮನೆಗೆ ತಗೊಂಡ್ಹೋಗಿ. ಶೆಲ್ಫು ಬರಿದಾಗಿದೆ."