ಅಪ್ಪನ ಮಾತಿಗೆ ಇಟ್ಟ ಕುಂಕುಮ

ಹೋದ ವರ್ಷದ ಆಯುಧಪೂಜೆ ನಮ್ಮ ಮನೆಯಲ್ಲಿ ಯಾರೂ ಮರೆಯುವಂಥದ್ದಲ್ಲ.

ನಮ್ಮ ಮನೆ ಗುಬ್ಬಿಯಲ್ಲಿದೆ. ನಾನು ದಿನಾ ಬೈಕಿನಲ್ಲಿ ತುಮಕೂರಿನ ಅಂತರಸನಹಳ್ಳಿಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸ ಮಾಡುತ್ತೇನೆ. ಅಪ್ಪ ಕುಣಿಗಲ್ ಮತ್ತು ತುಮಕೂರು ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕುಣಿಗಲ್ ಬಸ್‌ಸ್ಟ್ಯಾಂಡಿನ ಆ ತುದಿಯಲ್ಲಿ ನಿಂತು 'ತುಮ್ಕೂರ್ ತುಮ್ಕೂರ್' ಎಂದು ಕೂಗಿದರೆ ಈ ತುದಿಯ ಹೋಟೆಲಿನಲ್ಲಿ ಕೂತವರು ಅರ್ಧ ಟೀ ಬಿಟ್ಟು ಏಳುತ್ತಿದ್ದರು. ಅಂಥವರ ಗಂಟಲಿಗೇ ಕ್ಯಾನ್ಸರ್ ಬಂತು.

ಆಪರೇಷನ್ ಮಾಡಿದರೆ ಮಾತು ಹೋಗುತ್ತದೆ, ಮಾಡದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. "ಮಾತೇ ಇಲ್ದಿದ್ಮೇಲೆ ಬದ್ಕಿ ಏನ್ ಮಾಡ್ಲಿ, ಬುಡು" ಎಂದು ಅಪ್ಪ ಹಟ ಹಿಡಿದರು. ಒಂದು ದಿನ ಉಸಿರೇ ಕಟ್ಟಿಕೊಂಡಿತು. ಬೆಂಗಳೂರಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅವರಿಗೆ ಪ್ರಜ್ಞೆ ಇರಲಿಲ್ಲ. ನಾನು ರಕ್ತ ತರಲು ಓಡಿದ್ದೆ. ಕಾಯಲು ಹೊತ್ತಿಲ್ಲ ಎಂದಾಗ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಅಮ್ಮನೇ ಹೆಬ್ಬೆಟ್ಟು ಒತ್ತಿದಳು. ಅಪ್ಪ ಉಳಿದರು, ಮಾತು ಹೋಯಿತು. ಆ ಹೆಬ್ಬೆಟ್ಟಿನ ವಿಷಯವನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಅಪ್ಪ ಸ್ಲೇಟಿನಲ್ಲಿ ಬರೆದು ತೋರಿಸತೊಡಗಿದರು. ಆದರೆ ಅಮ್ಮನಿಗೆ ಓದು ಬರುವುದಿಲ್ಲ. ಬಸ್ಸಿನ ತಗಡು ತಟ್ಟುವ ಅಭ್ಯಾಸ ಮಾತ್ರ ಅವರಿಬ್ಬರ ನಡುವೆ ಉಪಯೋಗಕ್ಕೆ ಬಂತು. ಒಂದು ತಟ್ಟಿದರೆ ನಿಲ್ಲು, ಸಾಕು. ಎರಡು ತಟ್ಟಿದರೆ ರೈಟ್, ಆಗಲಿ. ಊಟ, ಕಾಫಿಗೆ ಅಷ್ಟು ಸಾಕಾಗುತ್ತಿತ್ತು.

ಆಗ ನನ್ನ ಜೊತೆ ಕೆಲಸ ಮಾಡುವ ಮಹೇಶ ಒಂದು ದಾರಿ ತೋರಿಸಿದ. ನಮ್ಮ ಕಾರ್ಖಾನೆಯಲ್ಲಿ ಅಂಗೈ ಮೇಲೆ ಕೂರುವಂಥ ಚಿಕ್ಕ ಬೋರ್ಡುಗಳಿವೆ. ನೋಡಲು ಕೆಟ್ಟ ರೇಡಿಯೊ ಬಿಚ್ಚಿಟ್ಟ ಹಾಗಿದ್ದರೂ ಒಂದೊಂದೂ ಪೂರ್ತಿ ಕಂಪ್ಯೂಟರ್. "ಮನೇಲಿ ಹಳೇ ಟೀವಿ ಐತಲ್ಲಣ್ಣ, ಅದಕ್ಕೆ ಸಿಗಿಸು. ಟೈಪ್ ಮಾಡಿದ್ದನ್ನ ಕನ್ನಡದಲ್ಲೇ ಓದ್ತದೆ" ಎಂದ. ಅಂಥದ್ದೇ ಒಂದು ಬೋರ್ಡು ಕೊಂಡು ತಂದು ಸೋಪಿನ ಡಬ್ಬಿಯೊಳಗೆ ಕೂರಿಸಿದೆ. ಬಿಸಿಯಾಗುತ್ತದೆ ಎಂದು ಮುಚ್ಚಳ ಹಾಕಲಿಲ್ಲ. ಕೀಬೋರ್ಡಿಗೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದೆ.

ಅಪ್ಪನ ದಿನವೆಲ್ಲ ಅದರ ಮುಂದೆಯೇ ಕಳೆಯತೊಡಗಿತು. ಬೆಳಿಗ್ಗೆ ಪೇಪರ್, ಆಮೇಲೆ ಕೊಬ್ಬರಿ ರೇಟು, ಮಧ್ಯಾಹ್ನ ಹಳೆಯ ಹಾಡು, ಕರೆಂಟ್ ಬಿಲ್ ಕಟ್ಟುವುದೂ ಅದರಲ್ಲೇ. ಎರಡು ಪೇಜ್ ಒಟ್ಟಿಗೆ ತೆರೆದರೆ ಉಬ್ಬು ಹತ್ತುವ ಹಳೇ ಬಸ್ಸಿನ ಹಾಗೆ ಏದುಸಿರು ಬಿಡುತ್ತಿತ್ತು. ಅಪ್ಪನಿಗೆ ಅವಸರವೇನೂ ಇರಲಿಲ್ಲ. ಅಮ್ಮನಿಗೆ ಏನಾದರೂ ಹೇಳಬೇಕಾದರೆ ಟೈಪ್ ಮಾಡಿ ಒಂದು ಕೀ ಒತ್ತುತ್ತಿದ್ದರು. ನೆಗಡಿಯಾದವರಂಥ ಒಂದು ಧ್ವನಿ ಟೀವಿಯಿಂದ ಬರುತ್ತಿತ್ತು. ಅಮ್ಮ ಅದಕ್ಕೆ ಗೋಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದಳು. "ಅದ್ಯಾರ್ದೋ ಧ್ವನಿ ಕಣೋ. ನಂಗದನ್ನ ಕೇಳಕ್ಕಾಗಲ್ಲ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಆಯುಧಪೂಜೆಯ ದಿನ ನಾನು ಹೊರಗೆ ಬೈಕ್ ತೊಳೆಯುತ್ತಿದ್ದೆ. ಅಪ್ಪ ತಮ್ಮ ಕಂಡಕ್ಟರ್ ಬ್ಯಾಗನ್ನು ಪ್ರತಿ ವರ್ಷದಂತೆ ಒರೆಸಿ ಮಣೆಯ ಮೇಲಿಟ್ಟು ಹೂ ತರಲು ಹೋಗಿದ್ದರು. ಒಳಗಿನಿಂದ ಅಮ್ಮ ಕೂಗಿದಳು. ಹೋಗಿ ನೋಡಿದರೆ ಟೀವಿಗೆ, ಕೀಬೋರ್ಡಿಗೆ ವಿಭೂತಿ ಎಳೆದಿತ್ತು. ಬೋರ್ಡಿನ ಮೇಲೂ ನೀರಿನಲ್ಲಿ ಕಲಸಿದ ವಿಭೂತಿ, ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ. ಸಾಲದ್ದಕ್ಕೆ ತೀರ್ಥವನ್ನೂ ಚಿಮುಕಿಸಿದ್ದಳು. ಸ್ವಿಚ್ ಆನ್ ಇತ್ತು. ಟೀವಿ ಕಪ್ಪಗಾಗಿತ್ತು.

"ಹೋದ್ ವರ್ಷ ಬೇಕಂತ್ಲೇ ಅದಕ್ಕೊಂದು ಹೂ ಇಡ್ಲಿಲ್ಲ. ಅದೂ ಪಾಪ ನಿಮ್ಮಪ್ಪನ ಮಾತು ಆಡ್ತೈತಲ್ಲ, ಈ ಸಲ ಕುಂಕುಮ ಇಡಾಣ ಅಂತ ಇಟ್ಟೆ" ಎಂದಳು. ನಾನು ಪ್ಲಗ್ ಕಿತ್ತು, ಬೋರ್ಡು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜಿದೆ. ಒಣಗಿಸಿ ನೋಡಿದೆ. ಜೀವ ಬರಲಿಲ್ಲ.

ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಒಂದ್ಸಲ ಹೆಬ್ಬೆಟ್ಟು ಒತ್ತಿ ಅವರ ಮಾತು ಕಳ್ದೆ. ಇವತ್ತು ಕುಂಕುಮ ಇಟ್ಟು ಕಳ್ದೆ. ಬ್ಯಾಡ ಅಂತ ಅಷ್ಟು ಹೇಳಿದ್ರು ಕಣೋ. ಅವ್ರು ನನ್ನ ಕ್ಷಮಿಸಿಲ್ಲ" ಎಂದು ಅತ್ತಳು. ಇಷ್ಟು ದಿನ ಆ ಧ್ವನಿ ಕೇಳಿದಾಗೆಲ್ಲ ಅವಳು ಯಾಕೆ ಮುಖ ತಿರುಗಿಸುತ್ತಿದ್ದಳು ಎಂಬುದು ನನಗೆ ಆಗ ಗೊತ್ತಾಯಿತು.

ತಲೆಯೆತ್ತಿದರೆ ಅಪ್ಪ ಹೂವಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಬಾಯಿ ತೆರೆದರು. ಕತ್ತಿನ ತೂತಿನಿಂದ ಬರೀ ಗಾಳಿ ಬಂತು. ಆ ಮಾತಿಗೆ ಉತ್ತರ ಒಂದು ತಟ್ಟಿದರೂ ಸಿಗುವಂಥದ್ದಲ್ಲ, ಎರಡು ತಟ್ಟಿದರೂ ಸಿಗುವಂಥದ್ದಲ್ಲ. ಸ್ಲೇಟು ತೆಗೆದು ಬರೆಯತೊಡಗಿದರು. ನಾನು ಅವಸರದಲ್ಲಿ ಅಮ್ಮನಿಗೆ ಓದಿ ಹೇಳಲು ಬಗ್ಗಿದೆ. ಅಪ್ಪ ಅಂಗೈಯಿಂದ ಅಷ್ಟನ್ನೂ ಅಳಿಸಿಬಿಟ್ಟರು. ಆಮೇಲೆ ನನಗೆ ಮಾತ್ರ ಕಾಣುವಂತೆ ಬರೆದರು, 'ನಾನೇ ಹೇಳ್ಬೇಕು.'

ನನ್ನ ಮೊಬೈಲ್ ಕೊಟ್ಟೆ. ಅವರ ದಪ್ಪ ಬೆರಳು ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಬೀಳುತ್ತಿತ್ತು. ಸಿಟ್ಟಿನಿಂದ ಪಕ್ಕಕ್ಕಿಟ್ಟರು. ಅಂಥ ಬೋರ್ಡು ಸಿಗುವ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮರುದಿನ ವಿಜಯದಶಮಿ, ಕಾರ್ಖಾನೆಗೂ ರಜೆ. ಹಬ್ಬದ ಮನೆಯಲ್ಲಿ ಒಬ್ಬಟ್ಟು ಮಾಡಿದ್ದು ಮಾಡಿದ ಹಾಗೆಯೇ ಉಳಿಯಿತು. ಅಮ್ಮ ಬಡಿಸುವಾಗ ಅಪ್ಪನ ಮುಖ ನೋಡಲಿಲ್ಲ. ಅಪ್ಪ ಅವಳನ್ನೇ ನೋಡುತ್ತಿದ್ದರು. ಅಪ್ಪನಿಗೆ ಮಾತಿಲ್ಲ ಎಂಬುದು ಆಪರೇಷನ್ ಆದಾಗಲೂ ನನ್ನನ್ನು ಅಷ್ಟು ಸುಟ್ಟಿರಲಿಲ್ಲ.

ವಿಜಯದಶಮಿಯ ಸಂಜೆ ತಡೆಯಲಾಗದೆ ಮಹೇಶನಿಗೆ ಫೋನ್ ಮಾಡಿದೆ. ಅವನ ಮನೆ ತುಮಕೂರಿನಲ್ಲಿ. ನೆಂಟರನ್ನು ಬಿಟ್ಟು, ತನ್ನ ಬಳಿಯಿದ್ದ ಇನ್ನೊಂದು ಬೋರ್ಡು ಜೇಬಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ. ಹಳೆಯ ಬೋರ್ಡಿನಲ್ಲಿದ್ದ ಉಗುರಿನಷ್ಟು ಮೆಮೊರಿ ಕಾರ್ಡನ್ನು ಇದಕ್ಕೆ ಹಾಕಿದ. "ಅಪ್ಪಾಜಿದೆಲ್ಲಾ ಇದ್ರಲ್ಲೇ ಐತಣ್ಣ, ಏನೂ ಹೋಗಿಲ್ಲ" ಎಂದ. ಟೀವಿಯಲ್ಲಿ ಎಲ್ಲ ಮೊದಲಿನಂತೆಯೇ ಬಂತು.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು. ನಾನೂ ಮಹೇಶನೂ ಟೀವಿಯ ಕಡೆ ನೋಡದೆ ನಿಂತೆವು. ಆಮೇಲೆ ಅಪ್ಪ ಅಡುಗೆಮನೆಗೆ ಹೋಗಿ ಅಮ್ಮನ ಕೈ ಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಕೀ ಒತ್ತಿದರು.

ಆ ನೆಗಡಿಯ ಧ್ವನಿ ತೊದಲುತ್ತಾ ಹೇಳಿತು. "ನೀನು ಹೆಬ್ಬೆಟ್ಟು ಒತ್ತದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ. ನಂಗೆ ಧೈರ್ಯ ಇರ್ಲಿಲ್ಲ, ನಿಂಗಿತ್ತು. ನಿನ್ ಮೇಲೆ ಒಂದಿನಾನೂ ಕೋಪ ಮಾಡ್ಕೊಂಡಿಲ್ಲ. ಇದನ್ನ ಯಾವತ್ತೋ ಹೇಳ್ಬೇಕಿತ್ತು."

ಅಮ್ಮ ಗೋಡೆ ನೋಡಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳಿ" ಎಂದಳು.

ಅಪ್ಪ ಮತ್ತೆ ಕೀ ಒತ್ತಿದರು.

ಈ ವರ್ಷ ಡಬ್ಬಿಗೆ ಗಾಳಿಯಾಡುವ ಮುಚ್ಚಳ ಮಾಡಿಸಿದ್ದೇನೆ. ಆಯುಧಪೂಜೆಯ ದಿನ ಅಮ್ಮ ಕುಂಕುಮದ ಬಟ್ಟಲು ಹಿಡಿದು ಹೆದರುತ್ತಾ ಅಪ್ಪನ ಕಡೆ ನೋಡಿದಳು. ಅಪ್ಪ ಮೇಜನ್ನು ಎರಡು ಸಲ ತಟ್ಟಿದರು. ಮುಚ್ಚಳದ ಮೇಲೆ ಅವಳಿಟ್ಟ ಒಣ ಕುಂಕುಮ ಇನ್ನೂ ಹಾಗೇ ಇದೆ. ಮಾತಿಗೆ ತಡಕಾಡುವವರನ್ನು ಕಂಡರೆ ಅವರ ಪರವಾಗಿ ನಾನೇ ಹೇಳಿ ಮುಗಿಸುವ ಅಭ್ಯಾಸ ನನಗಿತ್ತು. ಈಗ ಅಪ್ಪನ ಅಂಗೈ ಸ್ಲೇಟು ಅಳಿಸಿದ್ದು ನೆನಪಾಗುತ್ತದೆ, ಸುಮ್ಮನೆ ಕಾಯುತ್ತೇನೆ.